ಅತ್ತೆಯ ಪಾಲಿನ ಕಜ್ಜಾಯ

ಸಕ್ಕರೆ ಕಾಯಿಲೆ ಬಂದವರಿಗೆ ಎಲ್ಲರೂ ಹೇಳುವುದು ಒಂದೇ ಮಾತು. ಧೈರ್ಯವಾಗಿರಿ, ನಗುನಗುತ್ತಾ ಇರಿ, ಎಲ್ಲ ಸರಿಹೋಗುತ್ತೆ. ನನಗೂ ಹೇಳಿದರು. ಹೇಳಿದವರಲ್ಲಿ ಅರ್ಧ ಜನ ನಮ್ಮ ಮನೆಯಲ್ಲೇ ಕೂತು, ನಾನೇ ಮಾಡಿಕೊಟ್ಟ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಂಡು ಹೇಳಿದರು. ಅವರ ಮೇಲೆ ನನಗೆ ಬೇಜಾರಿಲ್ಲ. ಬೇರೆಯವರಿಗೆ ಧೈರ್ಯ ಹೇಳುವುದು ಸುಲಭ, ನಾನೂ ಎಷ್ಟೋ ಜನಕ್ಕೆ ಹೇಳಿದ್ದೇನೆ. ಆದರೆ ನಗುತ್ತಾ ಇರುವುದಕ್ಕೆ ಮುಂಚೆ ನಾನು ಹೆದರಿದ್ದು ಹೇಗೆ ಅನ್ನುವುದನ್ನು ಯಾರಿಗೂ ಪೂರ್ತಿ ಹೇಳಿಲ್ಲ. ಈಗ ಹೇಳುತ್ತೇನೆ. ಹೊಸದಾಗಿ ಇಂಜೆಕ್ಷನ್ ಶುರುವಾದವರು ಓದಲಿ ಅಂತ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಹೊಳೆನರಸೀಪುರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನಾನು ರವಿಕೆ ಹೊಲಿದುಕೊಡುತ್ತಿದ್ದೆ. ನಮ್ಮ ಯಜಮಾನರು ಬಸ್ ಕಂಡಕ್ಟರು. ಒಂದು ದಿನ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಸೂಜಿಯ ಕಣ್ಣು ಒಂದಿದ್ದದ್ದು ಎರಡಾಗಿ, ಎರಡೂ ಮಂಜಾಗಿ ಕಂಡಿತು. ವಯಸ್ಸು ಇನ್ನೂ ನಲವತ್ತಾಗಿರಲಿಲ್ಲ, ಕನ್ನಡಕ ಬಂತೇನೋ ಅಂದುಕೊಂಡೆ. ಆಮೇಲೆ ಬಾಯಾರಿಕೆ. ಕೊಡದ ನೀರು ಕುಡಿದರೂ ನಾಲಗೆ ಒಣಗಿದ್ದು ಒಣಗಿದ ಹಾಗೇ ಇರುತ್ತಿತ್ತು. ಅದಾದ ಮೇಲೆ ಬಚ್ಚಲಿಗೆ ಇರುವೆ ಬಂದವು. ಸಾಲುಸಾಲಾಗಿ, ಒಂದು ಚೂರೂ ಸದ್ದಿಲ್ಲದೆ, ನಾನು ಹೋಗಿ ಬಂದ ಜಾಗಕ್ಕೇ ಬರುತ್ತಿದ್ದವು. ಬಿಸಿನೀರು ಸುರಿದರೆ ಮಾರನೇ ದಿನ ಮತ್ತೆ ಹಾಜರು. ಅವನ್ನು ನೋಡಿ ನಾನು ಹೆದರಿದೆ. ಯಾಕೆಂದರೆ ಆ ಇರುವೆಗಳನ್ನು ನಾನು ಮುಂಚೆಯೂ ನೋಡಿದ್ದೆ, ಯಜಮಾನರ ಊರು ಹಳ್ಳಿಮೈಸೂರಿನಲ್ಲಿ, ಅತ್ತೆಯ ಹಾಸಿಗೆಯ ಸುತ್ತ.

ನಮ್ಮ ಅತ್ತೆ ತಾಯಮ್ಮ ಅದರ ಹಿಂದಿನ ವರ್ಷ ಸಕ್ಕರೆ ಕಾಯಿಲೆಯಲ್ಲೇ ತೀರಿಕೊಂಡಿದ್ದರು. ಕಾಲಿನ ಹುಣ್ಣು ವಾಸಿಯಾಗದೆ ಮಲಗಿದವರು ಏಳಲಿಲ್ಲ. ಕೊನೆಗಾಲದಲ್ಲಿ ಅವರನ್ನು ನೋಡಿಕೊಂಡವರು ಮಗಳು ಜಯಮ್ಮ, ಅಂದರೆ ನಮ್ಮ ಯಜಮಾನರ ಅಕ್ಕ. ನಾನು ಅತ್ತಿಗೆ ಅಂತ ಕರೆಯುತ್ತೇನೆ. ರಾಮನಾಥಪುರದ ಹತ್ತಿರ ಕೊಟ್ಟಿದ್ದರು, ಹೊಗೆಸೊಪ್ಪಿನ ಬೇಸಾಯ. ಅವರು ಬಂದರೆ ಅವರಿಗಿಂತ ಮೊದಲು ಹೊಗೆಸೊಪ್ಪಿನ ವಾಸನೆ ಹೊಸ್ತಿಲು ದಾಟುತ್ತಿತ್ತು. ಎಷ್ಟು ತಿಕ್ಕಿ ತೊಳೆದರೂ ಕೈಯಿಂದ ಹೋಗದ ವಾಸನೆ ಅದು.

ಸಾಯುವ ಮುಂಚೆ ಅತ್ತೆ ಒಂದು ಕಜ್ಜಾಯ ಕೇಳಿದರಂತೆ. ಒಂದೇ ಒಂದು. ಡಾಕ್ಟರು ಸಿಹಿ ಮುಟ್ಟಿಸಬೇಡಿ ಅಂದಿದ್ದರು. ಅತ್ತಿಗೆ ಕಜ್ಜಾಯದ ಡಬ್ಬವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡರಂತೆ. ಅತ್ತೆ ಗೋಡೆ ಕಡೆ ತಿರುಗಿ ಮಲಗಿದವರು ಮತ್ತೆ ಈ ಕಡೆ ತಿರುಗಲೇ ಇಲ್ಲ. ಅವತ್ತಿನಿಂದ ಅತ್ತಿಗೆ ಕಜ್ಜಾಯ ತಿನ್ನುವುದನ್ನು ಬಿಟ್ಟರು.

ನನ್ನ ಕಾಯಿಲೆ ಗೊತ್ತಾದಾಗ ಅವರು ಹೇಳಿದ ಮೊದಲ ಮಾತು ಇದು. "ಅವ್ವುಂದು ನಿಂಗ್ ಬಂತು ನೋಡು ಸರೋಜಿ."

"ಅತ್ತಿಗೆ, ನಾನೇನು ಅವರ ಹೊಟ್ಟೇಲಿ ಹುಟ್ಟಿದ್ನಾ? ಬರೋದಾದ್ರೆ ನಿಮಗೆ ಬರಬೇಕಿತ್ತು," ಅಂದೆ. ತಮಾಷೆಗೆ ಅಂದದ್ದು. ಅವರು ನಗಲಿಲ್ಲ. "ಅದ್ಕೇಯ ಕಣವ್ವ, ನನ್ ತಾವ್ಕೆ ಬರಕ್ಕೆ ಅವ್ಳಿಗೆ ಇಷ್ಟ ಇಲ್ಲ," ಅಂದರು.

ಮಾತ್ರೆ ಕೆಲಸ ಮಾಡಲಿಲ್ಲ. ಹಾಸನದ ಡಾಕ್ಟರ ಹತ್ತಿರ ಹೋಗಲು ಶುರು ಮಾಡಿದೆವು. ಅಲ್ಲಿನ ಕಾಯುವ ಕೋಣೆಯ ಬೆಂಚಿನ ಮೇಲೆ ಅರಕಲಗೂಡಿನ ಕಡೆಯ ಒಬ್ಬ ಅಜ್ಜ ಯಾವಾಗಲೂ ಸಿಗುತ್ತಿದ್ದರು. ಅವರಿಗೆ ಒಂದು ಕಾಲು ಮಂಡಿಯಿಂದ ಕೆಳಗೆ ಇರಲಿಲ್ಲ. ಪಂಚೆಯನ್ನು ಮಡಿಸಿ ಆ ಜಾಗ ಮುಚ್ಚಿಕೊಂಡಿರುತ್ತಿದ್ದರು.

"ಇಲ್ದೇ ಇರೋ ಕಾಲು ಕಡೀತದೆ ಕಣವ್ವ," ಅಂದರು ಒಂದು ದಿನ, ನಾನು ಕೇಳದೆಯೇ. "ಎಬ್ಬೆಟ್ಟಿನ ಸಂದಿ. ಕೆರಕಳಾಣ ಅಂತ ಕಯ್ಯಿ ಆಕುದ್ರೆ ಏನೂ ಇಲ್ಲ. ಆದ್ರೆ ಕಡ್ತ ಮಾತ್ರ ಅದೆ." ಹೇಳಿ ನಕ್ಕರು. ಚೆನ್ನಾಗಿಯೇ ನಕ್ಕರು, ಬಾಯಿ ತುಂಬ. ನಾನೂ ನಕ್ಕೆ. ನಗುತ್ತಲೇ ನನ್ನ ಕಣ್ಣು ಅವರ ಪಂಚೆಯ ಕೆಳಗಿನ ಖಾಲಿ ನೆಲದ ಮೇಲೆ ಹೋಯಿತು. ಅಲ್ಲಿ ಯಾರೋ ಪಾದ ಊರಿಕೊಂಡಿದ್ದಾರೆ ಅನ್ನಿಸಿ, ನನ್ನ ಕಾಲನ್ನು ಹಿಂದಕ್ಕೆ ಎಳೆದುಕೊಂಡೆ.

ಡಾಕ್ಟರು ಇಂಜೆಕ್ಷನ್ ಬರೆದರು. ಬೆಳಿಗ್ಗೆ ಒಂದು, ಸಂಜೆ ಒಂದು, ಊಟಕ್ಕೆ ಮುಂಚೆ. "ಚುಚ್ಚಿಕೊಂಡ ಮೇಲೆ ಊಟ ತಡ ಮಾಡಬೇಡಿ. ಬೆವರು ಬಂದು ಕೈ ನಡುಗಿದರೆ ತಕ್ಷಣ ಸಕ್ಕರೆಯೋ ಬೆಲ್ಲವೋ ಬಾಯಿಗೆ ಹಾಕಿಕೊಳ್ಳಿ. ಬುದ್ಧಿ ಮಂಕಾಗಿಬಿಟ್ಟರೆ ನಿಮಗೆ ನೀವೇ ಹಾಕಿಕೊಳ್ಳುವುದಕ್ಕೂ ಆಗಲ್ಲ," ಅಂದರು. ಸಕ್ಕರೆ ಬಿಡಿ ಅಂತ ಹೇಳಿದ ಬಾಯಲ್ಲೇ ಸಕ್ಕರೆ ಇಟ್ಟುಕೊಂಡಿರಿ ಅಂದದ್ದು ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಚನ್ನರಾಯಪಟ್ಟಣದಿಂದ ನೋಡಲು ಬಂದಿದ್ದ ನಮ್ಮಮ್ಮ, "ಯಾವ್ದಾರ ಒಂದ್ ಯೇಳಕ್ಕೇನು ಆ ಡಾಕ್ಟ್ರಿಗೆ?" ಅಂತ ಸಿಟ್ಟಾದರು.

ಮನೆಯಲ್ಲಿ ಫ್ರಿಜ್ ಇರಲಿಲ್ಲ. ಔಷಧಿಯ ಪುಟ್ಟ ಸೀಸೆಯನ್ನು ನೀರು ತುಂಬಿದ ಮಡಕೆಯೊಳಗೆ ಲೋಟದಲ್ಲಿ ತೇಲಿಬಿಟ್ಟು ಕತ್ತಲ ಮೂಲೆಯಲ್ಲಿ ಇಡುತ್ತಿದ್ದೆವು. ಮೂತ್ರ ಪರೀಕ್ಷೆಗೆ ನೀಲಿ ದ್ರಾವಣ ಕೊಟ್ಟಿದ್ದರು, ಅದರೊಳಗೆ ಕೆಲವು ಹನಿ ಬಿಟ್ಟು ಕುದಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗೇ ಉಳಿಯುತ್ತೆ. ನನ್ನದು ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಬೆಳಗ್ಗೆ ಎದ್ದು ಅದನ್ನು ನೋಡುತ್ತಾ ನಿಂತಾಗ ನನ್ನ ಮೈಯೊಳಗೆ ನನಗೆ ಗೊತ್ತಿಲ್ಲದವರು ಯಾರೋ ಸಂಸಾರ ಹೂಡಿದ್ದಾರೆ ಅನ್ನಿಸುತ್ತಿತ್ತು.

ಆ ವರ್ಷದ ಮಾರ್ನಮಿ ಹಬ್ಬಕ್ಕೆ ಹಿರಿಯರಿಗೆ ಎಡೆ ಇಡಲು ಹಳ್ಳಿಮೈಸೂರಿಗೆ ಹೋದೆವು. ನಮ್ಮಲ್ಲಿ ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಒಳಗೆ ಹಿರಿಯರು ಬಂದು ಉಂಡು ಹೋಗುತ್ತಾರೆ ಅಂತ ನಂಬಿಕೆ. ಅವರು ಉಣ್ಣುವವರೆಗೆ ಮನೆಯವರು ಹನಿ ನೀರನ್ನೂ ಬಾಯಿಗೆ ಹಾಕುವ ಹಾಗಿಲ್ಲ. ಅತ್ತೆಗೆ ಇಡುವ ರವಿಕೆಯನ್ನು ನಾನೇ ಹೊಲಿಯಬೇಕು ಅಂತ ಅತ್ತಿಗೆ ಹೇಳಿ ಕಳಿಸಿದ್ದರು, ಅತ್ತೆಯ ಹಳೇ ಅಳತೆ ರವಿಕೆಯನ್ನೂ ಕಳಿಸಿದ್ದರು. ಎಡೆಗಿಟ್ಟ ಬಟ್ಟೆಯನ್ನು ಆಮೇಲೆ ಮನೆಯ ಸೊಸೆ ಉಡುವುದು ರೂಢಿ, ಹಾಗಾಗಿ ಹೊಲಿದು ಮುಗಿಸಿ ಒಂದು ಸಲ ತೊಟ್ಟು ನೋಡಿದೆ. ಅತ್ತೆ ಕೊನೆಗೆ ತುಂಬಾ ಸೊರಗಿದ್ದರು. ನಾನೂ ಸೊರಗಿದ್ದೆ. ಒಂದು ಹೊಲಿಗೆ ಬಿಚ್ಚುವ ಕೆಲಸವಿಲ್ಲದೆ ಕೂತಿತು ಆ ರವಿಕೆ. ತಟ್ಟನೆ ಬಿಚ್ಚಿ ಮಡಿಸಿಟ್ಟೆ, ಕನ್ನಡಿ ಕಡೆ ತಿರುಗಲಿಲ್ಲ.

ಸಂಜೆ ಎಡೆ ಇಡುವ ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಚುಚ್ಚಿಕೊಂಡೆ, ಇನ್ನೇನು ಊಟ ಆಗುತ್ತೆ ಅಂತ. ಆದರೆ ಅರಕಲಗೂಡಿನಿಂದ ಬರಬೇಕಾಗಿದ್ದ ದಾಯಾದಿಗಳ ಬಸ್ಸು ತಡವಾಯಿತು. ಅವರು ಬಂದ ಮೇಲೆಯೇ ಬಾಗಿಲು ಮುಚ್ಚಿದ್ದು. ನಾವೆಲ್ಲ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತೆವು. ಯಾರೂ ಮಾತಾಡುವ ಹಾಗಿಲ್ಲ. ನನ್ನ ತುಟಿಯ ಮೇಲೆ ಬೆವರಿನ ಹನಿ ಕೂತವು. ಮೆಲ್ಲಗೆ ಯಾರನ್ನಾದರೂ ಕರೆದು ಬೆಲ್ಲ ಕೇಳಬಹುದಿತ್ತು. ಎಲ್ಲರ ಮುಂದೆ, ಹಿರಿಯರಿಗಿಂತ ಮೊದಲು ಬಾಯಾಡಿಸಿದ ಸೊಸೆ ಅನ್ನಿಸಿಕೊಳ್ಳುವುದಕ್ಕೆ ನಾಚಿಕೆ. ಇನ್ನು ಒಂದು ಗಳಿಗೆ ಅಂತ ತಡೆದುಕೊಂಡೆ.

ಆಗ ಮುಚ್ಚಿದ ಬಾಗಿಲಿನ ಒಳಗೆ ಬಳೆ ಸದ್ದಾಯಿತು. ನಾನು ಹೊರಗೇ ಇದ್ದೆ, ನನ್ನ ಕೈ ನನ್ನ ಮಡಿಲಲ್ಲಿತ್ತು. ಅಷ್ಟು ನನಗೆ ಚೆನ್ನಾಗಿ ನೆನಪಿದೆ.

ಅದರ ಮುಂದಿನ ನೆನಪು ಬಾಯಿ ತುಂಬ ಬೆಲ್ಲದ ಸಿಹಿ. ನಾನು ಎಡೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಎಲೆಯ ಮೇಲಿನ ಕಜ್ಜಾಯ ಖಾಲಿ. ಬಾಗಿಲು ಹಾರುಹೊಡೆದಿತ್ತು, ದಾಯಾದಿಗಳು ಕೈಮುಗಿದು ನಿಂತಿದ್ದರು, ಮತ್ತು ಜಯಮ್ಮ ಅತ್ತಿಗೆ ನನ್ನ ಎರಡೂ ಪಾದ ಹಿಡಿದುಕೊಂಡು ಹೋ ಅಂತ ಅಳುತ್ತಿದ್ದರು. ನಾನು ಹಿತ್ತಿಲಿಗೆ ಹೋಗುವವಳ ಹಾಗೆ ಎದ್ದು ಅಡುಗೆಮನೆ ಕಡೆಯ ಬಾಗಿಲಿಂದ ಒಳಗೆ ಹೋಗಿರಬೇಕು. ಯಾರೂ ನೋಡಿರಲಿಲ್ಲ. ಬಾಗಿಲು ತೆಗೆದಾಗ ಧೂಪದ ಹೊಗೆಯ ಮಧ್ಯೆ ಕೂತು ಎರಡೂ ಕೈಯಲ್ಲಿ ಕಜ್ಜಾಯ ತಿನ್ನುತ್ತಿದ್ದೆನಂತೆ. ಅತ್ತಿಗೆಯನ್ನು ನೋಡಿ, "ಗುಬ್ಬಿ, ಇನ್ನೊಂದ್ ಆಕವ್ವ," ಅಂದೆನಂತೆ.

ನಮ್ಮ ಯಜಮಾನರು ಡಾಕ್ಟರು ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದರು. "ಅಕ್ಕ, ಇದು ಸುಗರ್ ಕಮ್ಮಿ ಆಗಿರೋದು. ಅದ್ರಲ್ಲಿ ಬುದ್ಧಿ ನೆಟ್ಟಗಿರಾಕಿಲ್ವಂತೆ."

"ಸುಗರ್ ಕಮ್ಮಿ ಆದ್ರೆ ನನ್ ಗುಬ್ಬಿ ಅಂತ ಕರೆದೋರ್ ಯಾರ್ಲಾ?" ಅಂದರು ಅತ್ತಿಗೆ. "ಅವ್ವ ಬುಟ್ರೆ ಆ ಎಸ್ರು ಯಾರ್ಗೂ ತಿಳೀದು. ನಿಂಗಾರ ತಿಳಿದಿತ್ತಾ?"

ತಿಳಿದಿರಲಿಲ್ಲ. ಯಜಮಾನರು ಹುಟ್ಟುವುದಕ್ಕೆ ಮುಂಚೆ, ಅತ್ತಿಗೆ ಎಳೆಕೂಸಾಗಿದ್ದಾಗ ಕರೆಯುತ್ತಿದ್ದ ಹೆಸರಂತೆ. ನಾನು ಎಲ್ಲಾದರೂ ಕೇಳಿಸಿಕೊಂಡಿದ್ದೆನಾ ಅಂತ ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ.

ಸುದ್ದಿ ಹಬ್ಬಿತು. ಹೊಳೆನರಸೀಪುರದ ಮನೆಗೂ ಜನ ಬರತೊಡಗಿದರು. ರವಿಕೆ ಅಳತೆ ಕೊಡುವ ನೆಪದಲ್ಲಿ ಬಂದ ಒಬ್ಬಾಕೆ ಕಳೆದುಹೋದ ಓಲೆ ಎಲ್ಲಿದೆ ಅಂತ ಕೇಳಿದಳು. "ಇವತ್ತು ಶಾಸ್ತ್ರ ಹೇಳೋದು ರಜ, ತೋಳು ಎಷ್ಟುದ್ದ ಬೇಕು ಹೇಳು," ಅಂದು ಕಳಿಸಿದೆ. ಇಂಥವರನ್ನು ನಗಿಸಿ ಸಾಗಹಾಕುವುದು ಕಷ್ಟವಲ್ಲ. ಕಷ್ಟವಾದದ್ದು ಅತ್ತಿಗೆಯ ಜೊತೆ.

ಅವರು ಪದೇಪದೇ ಬಂದು ಇರತೊಡಗಿದರು. ತುಂಬಾ ಪ್ರೀತಿಯಿಂದಲೇ ಇರುತ್ತಿದ್ದರು. ರವಿಕೆಗಳಿಗೆ ಗುಂಡಿಯ ಕಾಜಾ ಹಾಕಿಕೊಡುವರು, ನನ್ನ ತಲೆಗೆ ಎಣ್ಣೆ ಹಚ್ಚುವರು. ಆದರೆ ನಾನು ಮಿಷನ್ ತುಳಿಯುತ್ತಾ ಕೂತರೆ ಎದುರಿಗೆ ಕೂತು ನನ್ನ ಮುಖವನ್ನೇ ನೋಡುವರು, ಊಟದ ಹೊತ್ತು ಹತ್ತಿರ ಬಂದಾಗ ಇನ್ನೂ ಹೆಚ್ಚು. ತುಟಿಯ ಮೇಲೆ ಬೆವರು ಬಂತಾ, ಕೈ ನಡುಗಿತಾ ಅಂತ. ಒಮ್ಮೆ ಸೂಜಿ ನನ್ನ ಕೈಯಿಂದ ಜಾರಿದಾಗ ಅವರ ಮುಖ ಇದ್ದಕ್ಕಿದ್ದ ಹಾಗೆ ಅರಳಿದ್ದನ್ನು ಕಂಡೆ. ಅವರು ಕಾಯುತ್ತಿದ್ದದ್ದು ಅವರ ಅವ್ವನಿಗಾಗಿ. ನಾನು ಹೋದರೆ ತಾನೇ ಅವರ ಅವ್ವ ಬರುವುದು.

ಇದನ್ನು ಯಜಮಾನರಿಗೆ ಹೇಗೆ ಹೇಳಲಿ? ನಿಮ್ಮಕ್ಕ ನನ್ನನ್ನು ನೋಡುತ್ತಾರೆ ಅಂತ ದೂರು ಕೊಡಲಿಕ್ಕಾಗುತ್ತಾ? ಬೆಲ್ಲದ ಚೂರು ಸೊಂಟದ ಚೀಲದಲ್ಲಿ ಇಟ್ಟುಕೊಂಡು ಓಡಾಡಿದೆ.

ಒಂದು ಬೆಳಿಗ್ಗೆ ಯಜಮಾನರು ಡ್ಯೂಟಿಗೆ ಹೋದ ಮೇಲೆ ಅತ್ತಿಗೆ, "ನೀ ಇಂಜಿಸನ್ ತಕೋ, ನಾ ಅಷ್ಟೊತ್ಗೆ ರೊಟ್ಟಿ ತಟ್ತೀನಿ," ಅಂದರು. ನಂಬಿದೆ. ಸ್ನಾನ ಮಾಡಿ ಸೀರೆ ಬದಲಾಯಿಸಿದ್ದರಿಂದ ಚೀಲ ಹಗ್ಗದ ಮೇಲೆ ಒಗೆಯುವ ಬಟ್ಟೆಯಲ್ಲೇ ಉಳಿದಿತ್ತು. ಚುಚ್ಚಿಕೊಂಡು ಬಂದು ಮಿಷನ್ ಮುಂದೆ ಕೂತು, ಒಂದು ರವಿಕೆಯ ಅಂಚು ಪೂರ್ತಿ ಮುಗಿಸಿದೆ. ಅಡುಗೆಮನೆಯಿಂದ ರೊಟ್ಟಿ ತಟ್ಟುವ ಸದ್ದು ಬರಲಿಲ್ಲ. ಎದ್ದು ಹೋಗಿ ನೋಡಿದರೆ ಒಲೆ ಹಚ್ಚಿಯೇ ಇರಲಿಲ್ಲ. ಗೂಡಿನಲ್ಲಿ ಸಕ್ಕರೆ ಡಬ್ಬ ಇರಲಿಲ್ಲ. ಬೆಲ್ಲದ ಡಬ್ಬವೂ ಇರಲಿಲ್ಲ.

ಹಿಂದೆ ಹೊಗೆಸೊಪ್ಪಿನ ವಾಸನೆ ಬಂತು. ತಿರುಗಿದೆ. ಅತ್ತಿಗೆ ಹೊಸ್ತಿಲ ಮೇಲೆ ಕೂತಿದ್ದರು. ತಲೆಗೆ ಸ್ನಾನ ಮಾಡಿ, ಹೂ ಮುಡಿದು, ಮಡಿಲಲ್ಲಿ ಬಾಳೆಎಲೆ ಮುಚ್ಚಿದ ತಟ್ಟೆ ಇಟ್ಟುಕೊಂಡಿದ್ದರು.

"ಅತ್ತಿಗೆ, ಮೈ ನಡುಗ್ತಾ ಇದೆ. ಅದೇನಿದೆ, ಕೊಡಿ."

"ನಿಂಗಲ್ಲ ಕಣೆ, ಅವ್ವುಂಗೆ," ಅಂದರು, ಮಗುವಿಗೆ ಹೇಳುವ ಹಾಗೆ ಮೆತ್ತಗೆ. "ವಸಿ ತಡ್ಕೋ. ಬಂದ್ಬುಡ್ತಾಳೆ."

"ನಾನು ಸಾಯ್ತೀನಿ ಅತ್ತಿಗೆ."

"ಊಹೂಂ. ಅವತ್ ಏನಾರ ಸತ್ತೋದ್ಯಾ? ವಸಿ ತಡ್ಕೋ ಮಗ."

ಅವರನ್ನು ದಾಟಿ ಬೀದಿಗೆ ಹೋಗಬೇಕು ಅಂದುಕೊಂಡೆ. ಕಾಲು ಕೇಳಲಿಲ್ಲ, ಗೋಡೆ ಹಿಡಿದು ಕುಸಿದೆ. ಹೊರಗೆ ಬೆಳಗಿನ ಬಿಸಿಲು, ಸೊಪ್ಪಿನವಳು ಕೂಗಿಕೊಂಡು ಹೋಗುತ್ತಿದ್ದಳು. ನನ್ನ ಕೂಗು ಗಂಟಲಲ್ಲೇ ಉಳಿಯಿತು. ಅತ್ತಿಗೆ ತೆವಳಿಕೊಂಡು ಹತ್ತಿರ ಬಂದು ನನ್ನ ಕಣ್ಣೊಳಗೆ ಬಗ್ಗಿ ನೋಡಿದರು. ನನ್ನನ್ನಲ್ಲ, ನನ್ನ ಹಿಂದೆ ದೂರದಲ್ಲಿ ಬರುತ್ತಿರುವ ಯಾರನ್ನೋ ನೋಡುವ ಹಾಗಿತ್ತು ಆ ನೋಟ. "ಅವ್ವಾ," ಅಂದರು. "ಬಂದ್ಯಾ?"

ನನ್ನ ಬುದ್ಧಿಯಲ್ಲಿ ಒಂದು ಎಳೆಯಷ್ಟು ಉಳಿದಿತ್ತು. ಸರೋಜಳಿಗೆ ಇಲ್ಲಿ ಅನ್ನವಿಲ್ಲ ಅಂತ ಅದಕ್ಕೆ ಗೊತ್ತಾಯಿತು. ಬದುಕಬೇಕಾದರೆ ಸತ್ತವಳಾಗಬೇಕು. ಇದ್ದ ಶಕ್ತಿಯನ್ನೆಲ್ಲ ಒಟ್ಟು ಮಾಡಿ, "ಬಂದಿವ್ನಿ ಗುಬ್ಬಿ. ಆಕು," ಅಂದೆ.

ಎಲೆ ಸರಿಯಿತು. ಕಜ್ಜಾಯದ ಚೂರು ನನ್ನ ತುಟಿಗೆ ತಾಕಿತು. ಅಗಿದೆ. ಅಲ್ಲಿಂದ ಮುಂದೆ ನನಗೆ ಏನೂ ನೆನಪಿಲ್ಲ.

ಎಚ್ಚರವಾದಾಗ ಅತ್ತಿಗೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಅವರು ಒದ್ದೆ ಬಟ್ಟೆಯಿಂದ ನನ್ನ ಬಾಯಿ ಒರೆಸುತ್ತಿದ್ದರು. ಒಲೆ ಉರಿಯುತ್ತಿತ್ತು. ಸಕ್ಕರೆ ಡಬ್ಬ, ಬೆಲ್ಲದ ಡಬ್ಬ ಎರಡೂ ಗೂಡಿಗೆ ವಾಪಸು ಬಂದಿದ್ದವು. ಅತ್ತಿಗೆಯ ಮುಖ ಅತ್ತು ಅತ್ತು ಊದಿತ್ತು, ಆದರೆ ಎಷ್ಟೋ ದಿನದಿಂದ ಹೊತ್ತ ಹೊರೆ ಇಳಿಸಿದವರ ಹಾಗೆ ಕಾಣುತ್ತಿದ್ದರು. ತಟ್ಟೆಯಲ್ಲಿ ಉಳಿದ ಒಂದು ಕಜ್ಜಾಯವನ್ನು ಮುರಿದು ತಮ್ಮ ಬಾಯಿಗೆ ಹಾಕಿಕೊಂಡರು.

"ಅವ್ವ ಎಲ್ಲಾ ಯೇಳುದ್ಲು," ಅಂದರು. "'ನೀ ಕೊಡ್ದೆ ಓದದ್ದು ನನ್ ಉಳುಸ್ಕಳಕ್ಕೆ ಅಂತ ನಂಗ್ ಗೊತ್ತಿತ್ತು ಕಣೆ ಗುಬ್ಬಿ, ನಂಗ್ ಸಿಟ್ಟಿಲ್ಲ' ಅಂದ್ಲು. 'ಇನ್ ನನ್ ಕರೀಬ್ಯಾಡ. ಈ ಮಗ ಅಸ್ಕಂಡದೆ, ಇವ್ಳಿಗೆ ಮೊದ್ಲು ಉಣ್ಣಾಕಿಕ್ಕು' ಅಂದ್ಲು." ಹೇಳಿ ಎದ್ದು ರೊಟ್ಟಿ ತಟ್ಟಲು ಹೋದರು.

ಅವತ್ತಿನಿಂದ ಅವರು ನನ್ನನ್ನು ಹಾಗೆ ನೋಡಿದ್ದಿಲ್ಲ. ಮುಂದಿನ ಮಾರ್ನಮಿಗೆ ಎಡೆಯ ಬಾಗಿಲು ಮುಚ್ಚುವ ಮೊದಲೇ ದಾಯಾದಿಗಳೆಲ್ಲರ ಎದುರಿಗೆ ನನಗೆ ಎಲೆ ಹಾಕಿ ಅನ್ನ ಬಡಿಸಿದರು. ಯಾರೋ ಗೊಣಗಿದರು. "ಅವ್ವುಂದೇ ಅಪ್ಪಣೆ ಆಗದೆ. ಕೇಳೋರು ಅವ್ಳುನ್ನೇ ಕೇಳ್ಕಳಿ," ಅಂದರು ಅತ್ತಿಗೆ.

ಈಗ ಬೆರಳಿನ ರಕ್ತ ನೋಡುವ ಪುಟ್ಟ ಯಂತ್ರ ಬಂದಿದೆ, ಮನೆಗೆ ಫ್ರಿಜ್ಜೂ ಬಂದಿದೆ. ನಗುತ್ತಾ ಇರುವುದನ್ನೂ ಕಲಿತಿದ್ದೇನೆ. ಹೊಸಬರಿಗೆ ನಾನು ಹೇಳುವುದು ಇಷ್ಟೇ. ಹೊತ್ತಿಗೆ ಸರಿಯಾಗಿ ಉಣ್ಣಿ. ದೇವರ ಮುಂದೆ, ಹಿರಿಯರ ಮುಂದೆ, ನೆಂಟರ ಮುಂದೆ ನಾಚಿಕೆಪಟ್ಟು ತಡೆದುಕೊಳ್ಳಬೇಡಿ. ಭಯವಾದರೆ ಭಯವಾಗಿದೆ ಅಂತ ಮನೆಯವರಿಗೆ ಬಾಯಿಬಿಟ್ಟು ಹೇಳಿ. ನಾನು ಆವತ್ತೇ ಯಜಮಾನರಿಗೆ ಹೇಳಿದ್ದಿದ್ದರೆ ಆ ಬೆಳಿಗ್ಗೆ ಬರುತ್ತಲೇ ಇರಲಿಲ್ಲ. ಹೇಳಿಕೊಂಡ ಮೇಲೆ ನಗು ತಾನಾಗಿ ಬರುತ್ತೆ.

ಹಾಸನದ ಡಾಕ್ಟರಿಗೆ ಒಮ್ಮೆ ಇದನ್ನೆಲ್ಲ ಹೇಳಿದೆ. ಸಕ್ಕರೆ ಇಳಿದಾಗ ಮಿದುಳು ಏನೇನೋ ಆಡಿಸುತ್ತೆ, ಮನಸ್ಸಿನಲ್ಲಿ ಇದ್ದದ್ದೇ ಹೊರಗೆ ಬರುತ್ತೆ, ಹೆದರಬೇಡಿ ಅಂದರು. ಸರಿ ಅಂದೆ. ಅವರು ಓದಿದವರು, ಅವರ ಮಾತು ನಿಜವೇ ಇರಬೇಕು.

ಆದರೆ 'ಬಂದಿವ್ನಿ ಗುಬ್ಬಿ, ಆಕು' ಅಂತ ಅಂದದ್ದು ನಾನು. ಬೇಕು ಅಂತಲೇ ಅಂದದ್ದು, ಅಷ್ಟು ಗೊತ್ತು. ಅದಾದ ಮೇಲೆ ಬಂತಲ್ಲ, ಸಿಟ್ಟಿಲ್ಲ ಅನ್ನುವ ಮಾತು, ಅದನ್ನು ನಾನು ಆಡಿರಲಾರೆ. ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಇದ್ದದ್ದು ಸಿಟ್ಟೊಂದೇ. ಕೈಯಲ್ಲಿ ಶಕ್ತಿ ಇದ್ದಿದ್ದರೆ ಅತ್ತಿಗೆಯ ಕುತ್ತಿಗೆ ಹಿಸುಕುತ್ತಿದ್ದೆ.